ಸಿಪ್ಪೆ ಇರುವುದನ್ನು ಮಾತ್ರ ತಿಂದ ದಿನಗಳು

ಮೊದಲು ಕೆಟ್ಟದ್ದು ಕಾಫಿಯ ರುಚಿ. ನಾನೇ ನಿಂತು ಪುಡಿ ಮಾಡಿಸಿದ ಬೀಜ, ನಾನೇ ಇಳಿಸಿದ ಡಿಕಾಕ್ಷನ್, ಮದುವೆಯಾದಾಗಿನಿಂದ ಅದೇ ಹಿತ್ತಾಳೆ ಫಿಲ್ಟರ್. ಆದರೂ ಒಂದು ಬೆಳಿಗ್ಗೆ ನಾಲಿಗೆಯ ಹಿಂದೆ ಏನೋ ಒಗರು ಉಳಿಯಿತು. ಹಾಲಿನವನು ನೀರಿನ ಜೊತೆ ಮತ್ತೇನೋ ಬೆರೆಸುತ್ತಿದ್ದಾನೆ ಅಂದುಕೊಂಡು ಹಾಲಿನವನನ್ನು ಬದಲಾಯಿಸಿದೆ. ಒಗರು ಹೋಗಲಿಲ್ಲ. ಪುಡಿಯ ಅಂಗಡಿ ಬದಲಾಯಿಸಿದೆ. ಹೋಗಲಿಲ್ಲ. ಆಮೇಲೆ ಬದಲಾಯಿಸಲು ಉಳಿದದ್ದು ಮನೆಯ ಮನುಷ್ಯರು ಮಾತ್ರ.

ನನ್ನ ಹೆಸರು ಸುಶೀಲ. ವಯಸ್ಸು ಐವತ್ತೆರಡು. ಅರಸೀಕೆರೆಯಲ್ಲಿ, ರೈಲು ಬಂದರೆ ಅಡುಗೆಮನೆ ಸ್ಟ್ಯಾಂಡಿನ ತಟ್ಟೆಗಳು ಅದುರುವಷ್ಟು ಹತ್ತಿರದಲ್ಲಿ ನಮ್ಮ ಮನೆ. ನಮ್ಮನೆಯವರು ರಂಗಸ್ವಾಮಿ, ಹೈಸ್ಕೂಲಿನಲ್ಲಿ ಗುಮಾಸ್ತರು. ಊರಾಚೆ ಒಂದಿಷ್ಟು ತೆಂಗಿದೆ. ಒಬ್ಬಳೇ ಮಗಳು ಆಗ ಹಾಸನದ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದಳು, ಅವಳಿಗೆ ಗಂಡು ನೋಡಲು ಶುರು ಮಾಡಿದ್ದೆವು. ನಾನು ಹೇಳುತ್ತಿರುವುದು ಮೂರು ವರ್ಷದ ಹಿಂದಿನ ಮಾತು. ಕಾಯಿಲೆ ಯಾಕೆ ಶುರುವಾಯಿತು ಎಂದು ಈಗಲೂ ಕೇಳುತ್ತಾರೆ. ಗೊತ್ತಿಲ್ಲ. ಕೇಳುವವರು ಯಾಕೆ ಕೇಳುತ್ತಿದ್ದಾರೆ ಎಂಬ ಅನುಮಾನ ಮಾತ್ರ ಈಗಲೂ ಬರುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

ಆ ವರ್ಷ ನಾನು ಕಾಮಾಲೆಯಾಗಿ ಮಲಗಿದ್ದಾಗ ಹಳೇಬೀಡಿನಿಂದ ನನ್ನ ವಾರಗಿತ್ತಿ ಗಿರಿಜ ಬಂದು ಹದಿನೈದು ದಿನ ಇದ್ದು ಅಡುಗೆ ಮಾಡಿ ಹಾಕಿದ್ದಳು. ಅವಳ ಗಂಡ, ಅಂದರೆ ನನ್ನ ಮೈದುನ, ಅಲ್ಲಿ ಗುಡಿಯ ಹತ್ತಿರ ಎಳನೀರು, ಬಿಸ್ಕತ್ತಿನ ಅಂಗಡಿ ಇಟ್ಟುಕೊಂಡಿದ್ದಾನೆ. ಗಿರಿಜನ ಬಾಯಿ ಜೋರು, ಕೈ ಧಾರಾಳ. ಎಣ್ಣೆ ಮುಟ್ಟಿಸದ ಗಂಜಿ, ಮಜ್ಜಿಗೆ, ಬೇಯಿಸಿದ ತರಕಾರಿ, ಎಲ್ಲ ಹೊತ್ತುಹೊತ್ತಿಗೆ ತಂದು ಕುಡಿಸಿದಳು. ಅವಳು ಬಸ್ಸು ಹತ್ತಿದ ವಾರಕ್ಕೇ ಕಾಫಿ ಒಗರಾಯಿತು. ಹೀಗೆ ಜೋಡಿಸಿದರೆ ಯಾವುದು ಬೇಕಾದರೂ ಯಾವುದಕ್ಕೆ ಬೇಕಾದರೂ ಕೂಡಿಕೊಳ್ಳುತ್ತದೆ ಎಂದು ಈಗ ಅನ್ನಿಸುತ್ತದೆ. ಆಗ ಅದು ಬೆಳಕಿನಷ್ಟು ಸ್ಪಷ್ಟವಾಗಿತ್ತು.

ರಾಗಿಹಿಟ್ಟಿನ ಡಬ್ಬದಲ್ಲಿ ಮೇಲೆ ಸಮ ಮಾಡಿ ಮೂರು ಬೆರಳಿನ ಗುರುತು ಒತ್ತಿಡುತ್ತಿದ್ದೆ, ಯಾರಾದರೂ ಕೈ ಹಾಕಿದರೆ ಗೊತ್ತಾಗಲಿ ಅಂತ. ಖಾರದಪುಡಿಯ ಮುಚ್ಚಳಕ್ಕೂ ಡಬ್ಬಿಗೂ ಸೇರಿಸಿ ಒಂದು ಎಳೆ ದಾರ ಅಂಟಿಸುತ್ತಿದ್ದೆ. ಸ್ನಾನಕ್ಕೆ ಹೋಗುವಾಗ ಅಡುಗೆಮನೆಯ ಹೊಸ್ತಿಲಿಗೆ ಹಿಟ್ಟು ಉದುರಿಸಿ ಹೋಗುತ್ತಿದ್ದೆ. ಬಂದು ನೋಡಿದರೆ ಹಿಟ್ಟಿನ ಮೇಲೆ ಇರುವೆಯ ಸಾಲು. ಇರುವೆ ಯಾಕೆ ಆ ಕಡೆಯಿಂದಲೇ ಬಂತು ಎಂದು ಕೂತು ಯೋಚಿಸುತ್ತಿದ್ದೆ.

ಅಟ್ಟದ ಕಾಟ ಬೇರೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದೆಂದರೆ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಮುಟ್ಟದೆ ಬಿಡುವುದು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಮೇಲೆ ಕಾಯಿ ಜರುಗುವ ಸದ್ದು ಕೇಳುತ್ತಲೇ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳು ನಾನು. ಆ ವರ್ಷ ಮಾತ್ರ ಅದು ಕಾಯಿಯ ಸದ್ದು ಅನ್ನಿಸಲಿಲ್ಲ. ಯಾರೋ ಕುಕ್ಕರಗಾಲಲ್ಲಿ ಕೂತು ನನ್ನ ಒಲೆಯನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಹಾಡುಹಗಲಲ್ಲಿ ಏಣಿ ಹಾಕಿ ಹತ್ತುತ್ತಿದ್ದೆ.

"ಇಲಿ ಕಣೇ ಅದು," ಅಂದರು ನಮ್ಮನೆಯವರು ಕೆಳಗೆ ಏಣಿ ಹಿಡಿದುಕೊಂಡು.

"ಇಲಿ ಉಸ್ರಾಡೋದು ಕೇಳ್ಸುತ್ತೇನ್ರೀ?"

ಅವತ್ತು ಅವರ ಮುಖ ನೋಡಿದ್ದು ನೆನಪಿದೆ. ಹೆದರಿದ್ದರು. ಏನೋ ಬಚ್ಚಿಡುತ್ತಿರುವುದಕ್ಕೇ ಹೆದರಿದ್ದಾರೆ ಎಂದು ನಾನು ತಿಳಿದೆ.

ನಮ್ಮ ಕಡೆ ಯಾರಾದರೂ ಊಟ ಸೇರದೆ ಸೊರಗಿದರೆ ಮೊದಲು ಬರುವ ಮಾತು, ಕೈಮದ್ದು ಹಾಕಿದ್ದಾರೆ ಅಂತ. ಆಗದವರು ಊಟದಲ್ಲಿ ಏನೋ ಕಲಸಿ ಕೊಡುತ್ತಾರೆ, ಅದು ಹೊಟ್ಟೆಯಲ್ಲಿ ಗಂಟಾಗಿ ಕೂತು ಆಳನ್ನು ತಿನ್ನುತ್ತದೆ ಅಂತ. ನಾನು ಒಣಗುತ್ತಿರುವುದನ್ನು ನೋಡಿ ನಮ್ಮನೆಯವರ ಸೋದರತ್ತೆ, ದೊಡ್ಡತ್ತೆ ಅಂತ ನಾವು ಕರೆಯುವುದು, ಹೇಳಿಯೇಬಿಟ್ಟರು.

"ಡಾಕ್ಟ್ರು ಇದಕ್ಕೆಲ್ಲಾ ಏನ್ ಮಾಡಾನು? ಮೊದ್ಲು ತೆಗ್ಸು ಕಣವ್ವ. ಅರೇಹಳ್ಳಿ ಆಚೆ ಒಬ್ನು ತೆಗೀತಾನೆ. ನಮ್ಮೂರಿನವ್ರು ಹೋಗಿ ಬಂದವ್ರೆ."

ಬೇಲೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ದೊಡ್ಡತ್ತೆ ಜೊತೆಗಿದ್ದರು. ಆ ಊರಿನ ಹೆಸರು ಬೇಡ. ಅವನು ಹಸಿರು ಬಣ್ಣದ ಕಷಾಯ ಕೊಟ್ಟ, ಹಿತ್ತಲಿನಲ್ಲಿ ಕೂರಿಸಿದ, ಕರುಳು ಬಾಯಿಗೆ ಬರುವ ಹಾಗೆ ವಾಂತಿಯಾಯಿತು. ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ಬಾಳೆಲೆಯ ಮೇಲೆ ಕಪ್ಪಗೆ ಒಂದು ಕೂದಲಿನ ಉಂಡೆ ಇತ್ತು.

"ನೋಡ್ತಾಯಿ, ಬಂತು. ಹತ್ರದೋರೇ ಹಾಕಿರಾದು. ಹೆಂಗ್ಸು. ಕೈತುಂಬ ಬಳೆ ಹಾಕ್ತಾಳೆ."

ಕೈತುಂಬ ಬಳೆ ಹಾಕದ ಹೆಂಗಸು ನಮ್ಮ ಮೂರು ತಾಲ್ಲೂಕಿನಲ್ಲಿ ಯಾರಿದ್ದಾರೆ? ಆದರೆ ನನ್ನ ಕಣ್ಣಿಗೆ ಬಂದದ್ದು ಗಿರಿಜನ ಹಸಿರು ಗಾಜಿನ ಬಳೆ ಮಾತ್ರ. ಆ ಉಂಡೆ ಸ್ವಲ್ಪವೂ ಒದ್ದೆಯಾಗಿರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ. ಹಾಲಿನವನಿಂದ ಇರುವೆಯ ತನಕ ಎಲ್ಲರನ್ನೂ ಅನುಮಾನಿಸುತ್ತಿದ್ದ ಕಾಲದಲ್ಲಿ ನಾನು ಅನುಮಾನಿಸದೆ ಬಿಟ್ಟದ್ದು ಅವನೊಬ್ಬನನ್ನೇ.

ಬೇಲೂರು ಬಸ್‌ಸ್ಟ್ಯಾಂಡಿನಿಂದಲೇ ಗಿರಿಜನಿಗೆ ಫೋನ್ ಮಾಡಿದೆ. ಏನೇನು ಅಂದೆ ಎಂದು ಇಲ್ಲಿ ಬರೆಯಲಾರೆ. "ಅನ್ನ ಹಾಕೋ ಕೈಯಲ್ಲಿ ಹಿಂಗ್ ಮಾಡ್ದಲ್ಲೇ" ಅನ್ನುವುದು ಅದರಲ್ಲಿ ಮೆತ್ತಗಿನ ಮಾತು. ಅವಳು ಮೊದಲು ನಕ್ಕಳು, ತಮಾಷೆ ಅಂದುಕೊಂಡು. ಆಮೇಲೆ "ಅಕ್ಕಾ, ಏನಾಯ್ತಕ್ಕಾ ನಿಂಗೆ?" ಅಂದಳು. ಆಮೇಲೆ ಅಳುವುದು ಕೇಳಿಸಿತು. ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವಳು ನನ್ನನ್ನೇ ನೋಡುತ್ತಿದ್ದಳು. ಅವಳೂ ಗಿರಿಜನ ಕಡೆಯವಳೇ ಇರಬೇಕು ಎಂದು ಬಸ್ಸಿನ ಆ ಬದಿಗೆ ಹೋಗಿ ಕೂತೆ.

ಈ ಫೋನಿನ ವಿಷಯ ಗೊತ್ತಾದ ಮೇಲೆ ನಮ್ಮನೆಯವರು ಹಾಸನಕ್ಕೆ ಕರೆದುಕೊಂಡು ಹೋದರು. ಹಲ್ಲು ತೋರಿಸೋಣ ಬಾ ಅಂದರು. ದವಡೆ ಹಲ್ಲು ನೋಯುತ್ತಿದ್ದದ್ದೂ ನಿಜ. ಆ ಕಟ್ಟಡದಲ್ಲಿ ಕೆಳಗೆ ಹಲ್ಲಿನ ಡಾಕ್ಟರು, ಮಹಡಿಯಲ್ಲಿ ಮನಸ್ಸಿನ ಡಾಕ್ಟರು. ಮೆಟ್ಟಿಲು ಹತ್ತುವಾಗಲೇ ನನಗೆ ಮೋಸ ಗೊತ್ತಾಯಿತು. ಮೇಲೆ ಬೆಂಚಿನಲ್ಲಿ ಇಪ್ಪತ್ತು ಜನ ಕೂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವರಲ್ಲಿ ನಮ್ಮೂರಿನ ಬಟ್ಟೆ ಅಂಗಡಿಯ ಯಜಮಾನತಿ ಇದ್ದರು, ಸೆರಗು ಹಣೆತನಕ ಎಳೆದುಕೊಂಡು.

"ಹಲ್ಲಿಗ್ ಬಂದಿದ್ದೆ," ಅಂದರು ನನ್ನನ್ನು ಕಂಡೊಡನೆ.

"ನಾನೂ ಹಲ್ಲಿಗೇ," ಅಂದೆ.

ಹಲ್ಲಿನ ಡಾಕ್ಟರು ಕೆಳಗಿದ್ದಾರೆ ಎಂದು ನಾವಿಬ್ಬರೂ ಹೇಳಲಿಲ್ಲ.

ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು. ನಗುನಗುತ್ತಾ ಮಾತಾಡಿದರು. ಅಷ್ಟೊಂದು ನಗುವವರನ್ನು ನಂಬಬಾರದು ಅನ್ನಿಸಿತು. ನಾನು ಬಾಯಿ ಬಿಡಲಿಲ್ಲ. ಮಾತ್ರೆ ಬರೆದುಕೊಟ್ಟರು. ಮನೆಯಲ್ಲಿ ನಮ್ಮನೆಯವರು ಕೊಡುತ್ತಿದ್ದರು, ನಾನು ನಾಲಿಗೆಯ ಕೆಳಗಿಟ್ಟುಕೊಂಡು ಹಿತ್ತಲಿಗೆ ಹೋಗಿ ತುಳಸಿಕಟ್ಟೆಯ ಹಿಂದೆ ಉಗಿಯುತ್ತಿದ್ದೆ. ಅವರು ಅದನ್ನು ಕಂಡುಹಿಡಿದರು. ಗಲಾಟೆಯಾಯಿತು. ಇನ್ನು ಮಾತ್ರೆಯ ಮಾತೆತ್ತಿದರೆ ಬಾವಿಗೆ ಬೀಳುತ್ತೇನೆ ಅಂದೆ. ಅವರು ಮಾತ್ರೆ ಎತ್ತಿಟ್ಟರು.

ಆಮೇಲೆ ಒಂದು ಬದಲಾವಣೆಯಾಯಿತು. ನಮ್ಮನೆಯವರು ಸಂಜೆ ಸ್ಕೂಲಿನಿಂದ ಬಂದು ತಾವೇ ಮುದ್ದೆ ಮಾಡಲು ಶುರು ಮಾಡಿದರು. "ನಿನ್ ಕೈಲಿ ಈಗ ತಿರುವೋಕಾಗಲ್ಲ, ಕೂತ್ಕೋ," ಅಂದರು. ಹುಡುಗನಾಗಿದ್ದಾಗ ಹಾಸ್ಟೆಲಿನಲ್ಲಿ ಕಲಿತಿದ್ದ ವಿದ್ಯೆ. ನಾನು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಕಣ್ಣು ಕೀಳದೆ ನೋಡುತ್ತಿದ್ದೆ. ಎಸರು ಕುದಿಯುವುದು, ಹಿಟ್ಟು ಹಾಕುವುದು, ಕೋಲಿನಲ್ಲಿ ತಿರುವುವುದು, ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟುವುದು, ಎಲ್ಲವೂ ನನ್ನ ಕಣ್ಣೆದುರಿಗೆ. ಹಾಗಾಗಿ ಅದನ್ನು ನುಂಗುತ್ತಿದ್ದೆ. ಇಡೀ ಪ್ರಪಂಚದಲ್ಲಿ ನಾನು ನಂಬಿ ಉಣ್ಣುತ್ತಿದ್ದದ್ದು ಆ ಒಂದು ಜೊತೆ ಕೈಯನ್ನು.

ಒಂದು ತಿಂಗಳು ಕಳೆಯುವಷ್ಟರಲ್ಲಿ ನಿದ್ದೆ ಹತ್ತತೊಡಗಿತು. ಅಟ್ಟದ ಸದ್ದು ಮತ್ತೆ ಕಾಯಿಯ ಸದ್ದಾಯಿತು. ಹಿಟ್ಟಿನ ಮೇಲೆ ಬೆರಳಿನ ಗುರುತು ಇಡುವುದು ಒಂದು ದಿನ ಮರೆತೇ ಹೋಯಿತು. ದೊಡ್ಡತ್ತೆ ಎಲ್ಲರಿಗೂ ಹೇಳಿಕೊಂಡು ಬಂದರು, ಮದ್ದು ತೆಗೆಸಿದ್ದಕ್ಕೇ ಹುಷಾರಾದಳು ಅಂತ.

ನಮ್ಮ ಎದುರು ಮನೆಯವಳು ಮಂಜಕ್ಕ. ನಿಜವಾದ ಹೆಸರು ಮನ್‌ಜೀತ್ ಕೌರ್. ಪಂಜಾಬಿನ ಸಿಖ್ಖರು. ಅವಳ ಗಂಡನಿಗೆ ಇಲ್ಲಿ ಲಾರಿ ಆಫೀಸಿದೆ. ನಮ್ಮೂರ ಕೊಬ್ಬರಿ ದಿಲ್ಲಿ ಕಡೆಗೆ ಹೋಗುವುದು ಅಂಥವರ ಲಾರಿಗಳಲ್ಲಿ. ಇಪ್ಪತ್ತು ವರ್ಷದ ಹಿಂದೆ ಬಂದಾಗ ಬೀದಿಯವರ ನಾಲಿಗೆ ಹೊರಳದೆ ಅವಳು ಮಂಜಕ್ಕ ಆದಳು. ಮುದ್ದೆ ಎಂದರೆ ಪ್ರಾಣ, ಆದರೆ ರೊಟ್ಟಿಯ ಹಾಗೆ ಅಗಿದು ತಿನ್ನುತ್ತಾಳೆ. ಮುದ್ದೆಯನ್ನು ಅಗಿಯುವವರುಂಟೆ? ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ಇಷ್ಟು ವರ್ಷದಲ್ಲಿ ಬೀದಿಯವರೆಲ್ಲ ಸೇರಿ ಕಲಿಸಿದರೂ ಅವಳಿಗೆ ಅದು ಬರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಅವಳು ಬಂದಳು. ನಮ್ಮನೆಯವರು ಸಾರು ತರಲು ಒಳಗೆ ಹೋಗಿದ್ದರು. ಎಷ್ಟೋ ದಿನದ ಮೇಲೆ ನನಗೆ ಯಾರಿಗಾದರೂ ಊಟ ಹಾಕಬೇಕು ಅನ್ನಿಸಿತ್ತು. ನನ್ನ ತಟ್ಟೆಯ ಮುದ್ದೆಯಲ್ಲಿ ಅರ್ಧ ಮುರಿದು, ಇನ್ನೊಂದು ತಟ್ಟೆಗೆ ಹಾಕಿ, ನನ್ನ ಬಟ್ಟಲಿನ ಹುರುಳಿಕಾಳು ಸಾರು ಬಿಟ್ಟು ಅವಳ ಮುಂದಿಟ್ಟೆ.

"ಮಂಜಕ್ಕ, ಇವತ್ತಾದ್ರೂ ನುಂಗೇ."

"ದೇವ್ರು ಹಲ್ಲು ಕೊಟ್ಟಿರೋದು ಯಾಕೆ ದೀದಿ? ಫೋಟೋಕ್ಕಾ?" ಎಂದು ಬಾಯಿಗಿಟ್ಟುಕೊಂಡಳು.

ನಮ್ಮನೆಯವರು ಸಾರಿನ ಪಾತ್ರೆ ಹಿಡಿದು ಬಾಗಿಲಿಗೆ ಬಂದವರು ಅಲ್ಲೇ ನಿಂತರು. "ಅದ್ ಕೊಡ್ಬೇಡ! ಅದು ನಿಂದು!"

ಕಟಕ್ ಅಂತು. ರಾಗಿಯಲ್ಲಿ ಕಲ್ಲಿತ್ತೇನೋ ಎಂದು ನನಗೆ ನಾಚಿಕೆಯಾಯಿತು. ಮಂಜಕ್ಕ ಎರಡು ಬೆರಳು ಹಾಕಿ ಬಾಯಿಂದ ತೆಗೆದು ಅಂಗೈ ಮೇಲಿಟ್ಟುಕೊಂಡಳು. ಹಿಟ್ಟು ಮೆತ್ತಿದ ಒಂದು ಬಿಳಿಯ ಚೂರು. ಅವಳು ನನ್ನನ್ನು ನೋಡಲಿಲ್ಲ, ಅವರನ್ನು ನೋಡಿದಳು.

"ಭಾಯ್‌ಸಾಬ್, ಇದು ಗುಳಿಗೆ."

ಸತ್ಯ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಗೆದ್ದ ಸಂತೋಷ. ನಾನು ಹೇಳಿದ್ದೆನಲ್ಲ? ಊಟದಲ್ಲಿ ಏನೋ ಹಾಕುತ್ತಿದ್ದಾರೆ ಎಂದು ಹೇಳಿದ್ದೆನಲ್ಲ? ಹುಚ್ಚಿಗೆ ಹಾಗನ್ನಿಸುತ್ತದೆ ಎಂದು ನೀವೆಲ್ಲ ಕಣ್ಣಲ್ಲೇ ಮಾತಾಡಿಕೊಂಡಿರಲ್ಲ?

"ಎಷ್ಟ್ ದಿನದಿಂದ?" ಅಂದೆ.

"ನಲ್ವತ್ ದಿನ ಆಯ್ತು."

"ದಿನಾ ನನ್ ಕಣ್ಣೆದುರಿಗೇನಾ?"

"ಮುದ್ದೆ ಕಟ್ಟೋವಾಗ ಒಳಗ್ ಒತ್ತಿಬಿಡ್ತಿದ್ದೆ. ನುಂಗೋಳಲ್ವಾ ನೀನು, ಗೊತ್ತಾಗಲ್ಲ ಅಂತ. ನಿಂಗ್ ಒಳ್ಳೇದಾಗ್ಲಿ ಅಂತ ಕಣೇ. ಮಗಳ್ ಮದ್ವೆ ಆಗೋವರ್ಗೂ ಯಾರ್ಗೂ ಗೊತ್ತಾಗ್ದಂಗೆ..." ಸಾರಿನ ಪಾತ್ರೆ ಅವರ ಕೈಯಲ್ಲೇ ಇತ್ತು.

ಗೆದ್ದ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಕಾಲ ಕೆಳಗಿನ ನೆಲ ಹೋಯಿತು. ಗಿರಿಜ ಹಾಕಿದ್ದಾಳೆ ಅಂದುಕೊಂಡಾಗ ತಿನ್ನಲು ಇವರ ಕೈ ಇತ್ತು. ಇವರೂ ಹಾಕುತ್ತಾರೆ ಎಂದಮೇಲೆ ಇನ್ನು ಯಾರ ಕೈಯಲ್ಲಿ ಉಣ್ಣಲಿ? ಅನುಮಾನ ಸುಳ್ಳಾಗಿದ್ದರೆ ಎಂದಾದರೂ ಬಿಡಬಹುದಿತ್ತು. ನಿಜವಾಗಿಬಿಟ್ಟ ಅನುಮಾನವನ್ನು ಬಿಡುವುದು ಹೇಗೆ? ನನ್ನ ಕಾಯಿಲೆಯಲ್ಲಿ ಅತಿ ಕಷ್ಟದ ಪ್ರಶ್ನೆ ಅದೇ. ಮಿಕ್ಕದ್ದೆಲ್ಲ ಅದರ ಮುಂದೆ ಸಣ್ಣದು.

ಅವತ್ತಿನಿಂದ ಸಿಪ್ಪೆ ಇರುವುದನ್ನು ಮಾತ್ರ ತಿಂದೆ. ಬಾಳೆಹಣ್ಣು, ನಾನೇ ಸುಲಿದ ಕಡಲೆಕಾಯಿ, ಕಿತ್ತಳೆ, ನಾನೇ ಬೇಯಿಸಿ ಬಿಡಿಸಿದ ಮೊಟ್ಟೆ, ನನ್ನೆದುರಿಗೆ ಕೆತ್ತಿದ ಎಳನೀರು. ಬಾಳೆಹಣ್ಣನ್ನೂ ತೊಟ್ಟಿನಿಂದ ತುದಿಯ ತನಕ ತಿರುಗಿಸಿ ನೋಡುತ್ತಿದ್ದೆ, ಸೂಜಿಯ ತೂತು ಇದೆಯಾ ಅಂತ. ಮಾತ್ರೆ ನಿಂತು ವಾರ ಕಳೆಯುವಷ್ಟರಲ್ಲಿ ಅಟ್ಟದ ಮೇಲಿನವರು ವಾಪಸ್ಸು ಬಂದರು.

ನಮ್ಮನೆಯವರು ನನ್ನೆದುರಿಗೆ ಕೂತು ತಾವೂ ಬಾಳೆಹಣ್ಣೇ ತಿನ್ನತೊಡಗಿದರು. "ನೀನು ಊಟ ಮಾಡೋವರ್ಗೂ ನಾನೂ ಮಾಡಲ್ಲ," ಅಂದರು. ಮೂರನೆಯ ದಿನ ಅವರ ಅಂಗಿ ಮೂಸಿದೆ.

"ಮಸಾಲೆ ದೋಸೆ ತಿಂದಿದೀರ."

"ಒಂದೇ ಒಂದು ಕಣೇ," ಅಂದರು ತಲೆ ತಗ್ಗಿಸಿ.

ಈಗ ಇದನ್ನು ಹೇಳಿಕೊಂಡು ನಗುತ್ತೇವೆ. ಆಗ ನನಗೆ ಅದು ಇನ್ನೊಂದು ಸಾಕ್ಷಿ.

ಆರನೆಯ ದಿನವೋ ಏಳನೆಯ ದಿನವೋ ಮಂಜಕ್ಕ ಬಂದು ರಟ್ಟೆ ಹಿಡಿದು ಎಬ್ಬಿಸಿದಳು. "ನಡಿ ದೀದಿ ನಮ್ಮನೆಗೆ. ಗೋಧಿ ಹಿಟ್ಟು ನೀನೇ ಕಲಸು. ನೀನೇ ಲಟ್ಟಿಸು. ನೀರೂ ನಿನ್ನ ಮನೆಯಿಂದಲೇ ತಾ. ನಾನು ಬೆಂಕಿ ಕೊಡ್ತೀನಿ ಅಷ್ಟೇ. ಬೆಂಕಿಯಲ್ಲಿ ಏನೂ ಬೆರೆಸೋಕಾಗಲ್ಲ."

ಒಂದು ಚೊಂಬು ನೀರು ಹಿಡಿದುಕೊಂಡು ಹೋದೆ. ಎರಡು ರೊಟ್ಟಿ ಬೇಯಿಸಿಕೊಂಡು ಪಲ್ಯವಿಲ್ಲದೆ ತಿಂದೆ. ಬಿಸಿ ಊಟ ಗಂಟಲಲ್ಲಿ ಇಳಿದಾಗ ಕಣ್ಣಲ್ಲಿ ನೀರು ಬಂತು. ಆಗ ಅವಳು ಮೆಂತ್ಯದ ಡಬ್ಬಿ ಇಳಿಸಿ, ಮೆಂತ್ಯದೊಳಗೆ ಕೈ ಹಾಕಿ ಒಂದು ಮಾತ್ರೆಯ ಹಾಳೆ ತೆಗೆದು, ಒಂದನ್ನು ಒಡೆದು ನನ್ನೆದುರಿಗೇ ನುಂಗಿದಳು.

"ಇಪ್ಪತ್ತೆರಡು ವರ್ಷ ಆಯ್ತು. ಬೇರೆ ಬೇರೆ ಗುಳಿಗೆ. ನಡುವೆ ಎರಡು ಸಲ ಬಿಟ್ಟೆ, ಎರಡು ಸಲವೂ ಬಿದ್ದೆ. ಈ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಭಾನುವಾರ ಬಾಯಲ್ಲಿ ಕಹಿ ಬಂದ ತಕ್ಷಣ ನನಗೆ ಗೊತ್ತಾಯ್ತು, ಯಾವ ಜಾತಿ ಗುಳಿಗೆ ಅಂತ."

ಮೊದಲ ಮಗು ಹುಟ್ಟಿದ ಮೇಲೆ ಮೂರು ತಿಂಗಳು ಅವಳು ಹಾಸಿಗೆ ಬಿಟ್ಟು ಏಳಲಿಲ್ಲವಂತೆ. ಮಗು ಅತ್ತರೆ ಕಿವಿಗೆ ಕೇಳಿಸುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲವಂತೆ.

"ನಮ್ಮಲ್ಲಿ ಒಂದು ಮಾತಿದೆ ದೀದಿ, ಚಡ್ದೀ ಕಲಾ ಅಂತ. ಏನೇ ಕಷ್ಟ ಬರಲಿ, ಮನಸ್ಸು ಎತ್ತರದಲ್ಲಿರಬೇಕು. ಒಳ್ಳೇ ಮಾತು. ಆದ್ರೆ ನನ್ನ ಮನಸ್ಸು ಮೇಲೆ ಹೋಗ್ತಿಲ್ಲ ಅಂದ್ರೆ, ನಿಂಗೆ ಭಕ್ತಿ ಕಮ್ಮಿ ಅಂದ್ರು ಅತ್ತೆ. ಸಿಖ್ಖರ ಮನೆ ಹೆಣ್ಣು ಹಿಂಗೆ ಮಲಗ್ತಾಳಾ ಅಂದ್ರು. ಮಾವ ನೆಂಟರಿಗೆಲ್ಲ ಟೈಫಾಯ್ಡ್ ಅಂತ ಹೇಳಿದ್ರು. ಟೈಫಾಯ್ಡ್ ಆದ್ರೆ ಹಣ್ಣು ತಗೊಂಡು ನೋಡೋಕೆ ಬರ್ತಾರೆ. ಇದು ಆದ್ರೆ ಯಾರೂ ಬರಲ್ಲ."

"ಆಮೇಲೆ?"

"ಈ ಊರಿಗೆ ಲಾರಿ ಕೆಲಸಕ್ಕೆ ಬಂದ್ವಿ ಅಂತ ಎಲ್ರಿಗೂ ಹೇಳ್ತೀವಲ್ಲ? ಅದು ಅರ್ಧ ನಿಜ. ಇನ್ನರ್ಧ, ನಮ್ಮೂರಲ್ಲಿ ಎಲ್ರಿಗೂ ಗೊತ್ತಾಗಿಬಿಟ್ಟಿತ್ತು. ಇಲ್ಲಿ ನಮ್ಮ ಭಾಷೆಯೇ ಯಾರಿಗೂ ಬರಲ್ಲ, ಆರಾಮಾಗಿರಬಹುದು ಅಂದ್ರು ನಮ್ಮ ಸರ್ದಾರ್‌ಜಿ." ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಬೆಳಿಗ್ಗೆ ಪ್ರಾರ್ಥನೆಯ ಪಾಠ ಓದ್ತೀನಿ. ಆಮೇಲೆ ಗುಳಿಗೆ ತಗೋತೀನಿ. ವಾಹೆಗುರು ಇವತ್ತಿನ ತನಕ ತಕರಾರು ಮಾಡಿಲ್ಲ."

ಇಷ್ಟು ಹೇಳಿದವಳನ್ನು ನಾನು ತಬ್ಬಿಕೊಳ್ಳಬೇಕಿತ್ತು. ನನಗೆ ಬಂದ ಯೋಚನೆ ಬೇರೆ. ನಮ್ಮನೆಯವರೇ ಹೇಳಿಕೊಟ್ಟು ಕಳಿಸಿದ ನಾಟಕ ಇರಬಹುದಾ? ಆ ಮಾತ್ರೆ ಬರೀ ವಿಟಮಿನ್ ಇರಬಹುದಾ? ಅವಳು ನನ್ನ ಮುಖ ನೋಡಿದಳು. ಒಳಗೆ ಹೋಗಿ ಒಂದು ಹಳೆಯ ಪ್ಲಾಸ್ಟಿಕ್ ಫೈಲು ತಂದು ಮಡಿಲಿಗೆ ಹಾಕಿದಳು. "ಓದು. ಅನುಮಾನ ಇದ್ರೆ ಓದಬೇಕು." ಹಳದಿಯಾದ ಚೀಟಿಗಳು, ಬೇರೆ ಬೇರೆ ಊರಿನ ಡಾಕ್ಟರುಗಳ ಕೈಬರಹ, ಎಲ್ಲದರ ಮೇಲೂ ಅವಳದೇ ಹೆಸರು. ನಾನು ಒಂದೊಂದಾಗಿ ನೋಡುತ್ತಾ ಹೋದೆ. ಅರ್ಧ ಗಂಟೆ ಹಿಡಿಯಿತು. ಅವಳು ಬೇಸರ ಮಾಡಿಕೊಳ್ಳದೆ ಎದುರಿಗೆ ಕೂತು ಬಟಾಣಿ ಬಿಡಿಸುತ್ತಿದ್ದಳು. ನನ್ನ ಅನುಮಾನಕ್ಕೆ ಸಿಟ್ಟಾಗದೆ ಕೂತ ಮೊದಲನೆಯವಳು ಅವಳು. ಆ ಅರ್ಧ ಗಂಟೆ ನನಗೆ ಯಾವ ಮಾತ್ರೆಗೂ ಕಡಿಮೆಯದಲ್ಲ.

ಆ ವಾರವೇ ಹಾಸನದ ರೈಲು ಹತ್ತಿದೆವು. ನಾನು, ಮಂಜಕ್ಕ ಒಂದು ಸೀಟಿನಲ್ಲಿ. ನಮ್ಮನೆಯವರು ದೂರದಲ್ಲಿ, ಕಿಟಕಿಯ ಆಚೆ ನೋಡಿಕೊಂಡು. ಈ ಸಲ ಯಾರೂ ಹಲ್ಲು ಅನ್ನಲಿಲ್ಲ. ಅದೇ ಬೆಂಚು, ಅದೇ ತಗ್ಗಿಸಿದ ತಲೆಗಳು. ಮಂಜಕ್ಕ ಮಾತ್ರ ಸಲ್ವಾರಿನ ದುಪಟ್ಟಾ ಸರಿ ಮಾಡಿಕೊಂಡು, ಮದುವೆ ಮನೆಗೆ ಬಂದವಳ ಹಾಗೆ ಪಕ್ಕದವರನ್ನು ಯಾವೂರು, ಏನು ಕಥೆ ಎಂದು ಕೇಳತೊಡಗಿದಳು. ಸ್ವಲ್ಪ ಹೊತ್ತಿಗೆ ಮೂರು ನಾಲ್ಕು ಜನ ತಲೆ ಎತ್ತಿದರು.

ಈ ಸಲ ನಾನು ಡಾಕ್ಟರಿಗೆ ನೇರವಾಗಿ ಕೇಳಿದೆ. "ಊಟದಲ್ಲಿ ಹಾಕ್ತಾರೆ ಅಂತ ನಂಗೆ ಅನುಮಾನ ಇತ್ತು. ಹಾಕಿದ್ರು. ಹಂಗಾದ್ರೆ ನಂಗೇನ್ ಕಾಯ್ಲೆ?"

ಡಾಕ್ಟರು ಈ ಸಲ ನಗಲಿಲ್ಲ. ನಮ್ಮನೆಯವರ ಕಡೆ ತಿರುಗಿದರು. "ನುಂಗದೇ ಇದ್ರೆ ಬಲವಂತ ಬೇಡ, ಮತ್ತೆ ಕರ್ಕೊಂಡು ಬನ್ನಿ ಅಂದಿದ್ದೆ ನಾನು. ಕದ್ದು ಕೊಡಿ ಅಂತ ಹೇಳಿರ್ಲಿಲ್ಲ. ಹಾಗೆ ಮಾಡಿದ್ದು ತಪ್ಪು ಅಂತ ಇವರಿಗೆ ಹೇಳಿದೀರಾ?"

"ಇಲ್ಲ ಮೇಡಂ."

"ಹೇಳಿ."

ಅವರು ಫ್ಯಾನಿನ ಕಡೆ ನೋಡಿದರು, ಮೇಜಿನ ಕಡೆ ನೋಡಿದರು. "ತಪ್ಪಾಯ್ತು ಕಣೇ. ನಿನ್ ಕೇಳ್ದೆ ಇನ್ ಯಾವತ್ತೂ ಏನೂ ಹಾಕಲ್ಲ," ಅಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಆಮೇಲೆ ಡಾಕ್ಟರು ನನ್ನನ್ನು ಕೇಳಿದರು. "ಇವರ ವಿಷ್ಯದಲ್ಲಿ ನಿಮ್ಮ ಅನುಮಾನ ನಿಜ ಆಯ್ತು. ಗಿರಿಜ ಅವ್ರ ವಿಷ್ಯದಲ್ಲಿ?"

ಹಾಲಿನವನ ವಿಷಯದಲ್ಲಿ? ಅಟ್ಟದ ಮೇಲಿನವರ ವಿಷಯದಲ್ಲಿ? ಸೀರೆಯ ಅಂಚು ಮಡಿಸಿದೆ, ಬಿಚ್ಚಿದೆ. ಕೊನೆಗೆ ನಾನೇ ಒಂದು ಷರತ್ತು ಹಾಕಿದೆ. ಮಾತ್ರೆಯ ಹಾಳೆ ನನ್ನ ಹತ್ತಿರ ಇರಬೇಕು. ನಾನೇ ಒಡೆಯಬೇಕು, ನಾನೇ ನುಂಗಬೇಕು. ಯಾವ ಮಾತ್ರೆ ಯಾತಕ್ಕೆ ಎಂದು ಕನ್ನಡದಲ್ಲಿ ಬರೆದುಕೊಡಬೇಕು. ಡಾಕ್ಟರು ಬರೆದುಕೊಟ್ಟರು.

ಹುಷಾರಾಗುವುದು ಎಂದರೆ ಕಥೆಗಳಲ್ಲಿ ಬರುವ ಹಾಗೆ ಒಂದು ಬೆಳಿಗ್ಗೆ ಎದ್ದು ಕಿಟಕಿ ತೆರೆಯುವುದಲ್ಲ. ಬಾಯಿ ಒಣಗುತ್ತಿತ್ತು. ರಂಗೋಲಿ ಇಡುವಾಗ ಕೈ ನಡುಗಿ ಚುಕ್ಕಿ ಆಚೀಚೆ ಬೀಳುತ್ತಿತ್ತು. ರವಿಕೆಗಳೆಲ್ಲ ಬಿಗಿಯಾದವು, ಹೊಲಿಗೆ ಬಿಚ್ಚಿಸಿದೆ. ನಾನು ಪೇಟೆಗೆ ಹೋದರೆ ಕೆಲವರು ಬೇಕೆಂದೇ ಜೋರಾಗಿ, ನಿಧಾನವಾಗಿ, ಕಿವುಡರ ಹತ್ತಿರ ಮಾತಾಡುವ ಹಾಗೆ ಮಾತಾಡಿಸುತ್ತಿದ್ದರು. ಮನೆಯಲ್ಲಿ ಮೊದಲು ನಾನೇ ಅಡುಗೆ ಮಾಡಿಕೊಂಡು ಉಂಡೆ. ಎರಡು ತಿಂಗಳ ಮೇಲೆ ನಮ್ಮನೆಯವರು ಮಾಡಿದ್ದನ್ನು ಒಂದೇ ತಟ್ಟೆಯಲ್ಲಿ ಹಂಚಿಕೊಂಡು ಉಂಡೆ. ಇನ್ನೂ ಎರಡು ತಿಂಗಳ ಮೇಲೆ ಬೇರೆ ತಟ್ಟೆ. ಅಷ್ಟಾದರೂ ಮುದ್ದೆಯನ್ನು ನಾನು ಈಗಲೂ ನುಂಗುವುದಿಲ್ಲ, ಅಗಿಯುತ್ತೇನೆ. ಮಂಜಕ್ಕನಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ.

ಮಗಳಿಗೂ ಎಲ್ಲ ಹೇಳಿದೆ. ನೋಡಲು ಬಂದ ಒಂದು ಸಂಬಂಧ ಇದೇ ಕಾರಣಕ್ಕೆ ಹಿಂದೆ ಹೋಯಿತು. ಆಮೇಲೆ ಇನ್ನೊಂದು ಕೂಡಿಬಂತು, ಅವರಿಗೆ ಮೊದಲೇ ಹೇಳಿದ್ದೆವು.

ಉಳಿದದ್ದು ಗಿರಿಜ. ನಾಲ್ಕು ಸಲ ಫೋನ್ ಮಾಡಿದೆ, ತೆಗೆಯಲಿಲ್ಲ. ಐದನೆಯ ಸಲ ತೆಗೆದಳು. "ಭಾನ್ವಾರ ಬತ್ತೀನಿ ಕಣೇ," ಅಂದೆ. "ಬಾ. ಮನೆ ನಿಂದೇ ಐತಲ್ಲ," ಅಂದಳು. ಆ ಮಾತಿನಲ್ಲಿ ಒಂದು ಚೂರೂ ಬಿಸಿ ಇರಲಿಲ್ಲ. ಯಾಕೆ ಬಾ ಅಂದಳು? ಬಯ್ಯುವುದಕ್ಕಾ? ಬೇರೆ ಏನಾದರೂ ಯೋಚನೆ ಇದೆಯಾ? ಹೊರಡುವ ದಿನ ಬೆಳಿಗ್ಗೆ ಚೀಲಕ್ಕೆ ನಾಲ್ಕು ಬಾಳೆಹಣ್ಣು ಹಾಕಿಕೊಂಡೆ. ಆಮೇಲೆ ತೆಗೆದಿಟ್ಟೆ. ಮತ್ತೆ ಎರಡು ಹಾಕಿಕೊಂಡೆ. ಒಬ್ಬಳೇ ಬಸ್ಸು ಹತ್ತಿದೆ.

ಹಳೇಬೀಡಿನಲ್ಲಿ ಇಳಿದಾಗ ಮೈದುನ ಅಂಗಡಿಯಿಂದ ಎದ್ದು ಬಂದು ಚೀಲ ತೆಗೆದುಕೊಂಡು ಮುಂದೆ ನಡೆದ. ಗಿರಿಜ ಹೊಸ್ತಿಲಲ್ಲಿ ನಿಂತಿದ್ದಳು. ಬಡವಾಗಿದ್ದಳು.

"ತಪ್ಪಾಯ್ತು ಗಿರಿಜ," ಅಂದೆ ಚಪ್ಪಲಿ ಬಿಡುವ ಮೊದಲೇ.

"ನಾನೇ ಮದ್ದು ಹಾಕ್ದೋಳು ಅಂತ ಇಲ್ಲೆಲ್ಲಾ ಸುದ್ದಿ ಆಯ್ತಕ್ಕ. ನಿಮ್ ದೊಡ್ಡತ್ತೆ ಬಿಡ್ತಾರಾ? ಒಂದ್ ವರ್ಷ ನಮ್ಮನೇಲಿ ಯಾರೂ ಒಂದ್ ಲೋಟ ಕಾಫಿ ಕುಡೀಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ಕೊಡಕ್ ಹೋದ್ರೆ ಈಸ್ಕೊಳಕ್ ಹಿಂದೆ ಮುಂದೆ ನೋಡ್ತಿದ್ರು. ನಾನ್ ಹಾಕಿದ್ದು ಗಂಜಿ ಕಣಕ್ಕ. ಬರೀ ಗಂಜಿ."

ನನ್ನ ಕಾಯಿಲೆ ನನ್ನೊಬ್ಬಳದೇ ಅಂದುಕೊಂಡಿದ್ದೆ. ಅದು ಬಸ್ಸು ಹತ್ತಿ ಇನ್ನೊಬ್ಬಳ ಒಲೆಯ ತನಕ ಹೋಗಿತ್ತು. ಅವಳಿಗೆ ಯಾವ ಡಾಕ್ಟರೂ ಮಾತ್ರೆ ಬರೆದುಕೊಟ್ಟಿರಲಿಲ್ಲ.

ಊಟಕ್ಕೆ ಕರೆದಳು. ಮೂರು ತಟ್ಟೆ ಇಟ್ಟು, ಮೊದಲು ತನ್ನ ತಟ್ಟೆಗೆ ಬಡಿಸಿಕೊಂಡಳು. ಅನ್ನ, ಅವರೆಕಾಳು ಸಾರು. ಕಲಸಿ ತುತ್ತು ಎತ್ತಿದಳು. ನಾನು ನೋಡಲಿ ಎಂದು ಮೊದಲು ತಾನು ತಿನ್ನಲು ಹೊರಟಿದ್ದಾಳೆ ಎಂದು ಗೊತ್ತಾಯಿತು. ಯಾರು ಹೇಳಿಕೊಟ್ಟಿದ್ದರೋ. ಅವಳ ಕೈ ಹಿಡಿದು ನಿಲ್ಲಿಸಿದೆ.

"ನೀನು ಮೊದ್ಲು ತಿನ್ಬೇಡ. ನಂಗ್ ಹಾಕು."

ಹಾಕಿದಳು. ಕಲಸಿದೆ. ಮೈದುನ ತಲೆ ಬಗ್ಗಿಸಿಕೊಂಡೇ ನೋಡುತ್ತಿದ್ದ. ಒಂದು ತುತ್ತು ಬಾಯಿಗಿಟ್ಟುಕೊಂಡೆ. ರುಚಿ ಸರಿಯಿರಲಿಲ್ಲ. ಗಿರಿಜನ ಸಾರಿನ ರುಚಿ ನನಗೆ ಗೊತ್ತು, ಇದು ಅದಲ್ಲ. ಹಳೆಯ ದಾರಿ ಕಾಲ ಬುಡದಲ್ಲೇ ತೆರೆದುಕೊಂಡಿತು. ಬಾಯೊಳಗೆ ಇಟ್ಟುಕೊಂಡು ಹಿತ್ತಲಿಗೆ ಹೋಗಿ ಉಗಿದು ಬರಬಹುದಿತ್ತು. ಅದು ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ. ಬಾಯಿಬಿಟ್ಟು ಕೇಳುವುದು ಬರುತ್ತಿರಲಿಲ್ಲ. ಅಗಿದು ನುಂಗಿ, ಕೇಳಿಯೇಬಿಟ್ಟೆ.

"ಏನೋ ಹಾಕಿದೀಯ ಕಣೇ ಇದಕ್ಕೆ."

ಮೈದುನನ ಕೈ ತಟ್ಟೆಯಲ್ಲೇ ನಿಂತಿತು. ಗಿರಿಜ ನನ್ನ ಮುಖ ನೋಡಿದಳು. ಆಮೇಲೆ ಸೌಟು ಬಾಗಿಸಿ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, ಮುಖ ಕಿವುಚಿದಳು.

"ಅಯ್ಯೋ ನನ್ ಹಣೇಬರಾವೇ. ಎರಡ್ ಸಲ ಉಪ್ಪು ಹಾಕ್ಬುಟ್ಟಿದೀನಿ ಕಣಕ್ಕ. ನೀನ್ ಬತ್ತೀಯ ಅಂತ ಬೆಳಗಿಂದ ಕೈ ಕಾಲೇ ಆಡ್ತಿಲ್ಲ ನಂಗೆ."

"ವಿಷ ಆಗೈತೆ," ಅಂದೆ.

ಅವಳು ಸೆರಗು ಬಾಯಿಗಿಟ್ಟುಕೊಂಡಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು. "ಬಿಡಕ್ಕ, ಬೇರೆ ಸಾರ್ ಮಾಡ್ತೀನಿ," ಎಂದು ಪಾತ್ರೆ ಎತ್ತಲು ಹೋದಳು.

"ಇಡು ಕೆಳಗೆ," ಅಂದೆ. "ಇನ್ನೊಂದ್ ಸೌಟು ಹಾಕು."